ಹೂ ಬಿಟ್ಟ ಮರ ಕಂಡವಳು ಒಬ್ಬಳೇ

ಬೆಳಗಿನ ಆರು ಗಂಟೆ. ಕೊಳ್ಳೇಗಾಲದ ಹೊರವಲಯದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕವೊಂದರ ಜಗಲಿಯ ಮೇಲೆ ಮಂಗಳ ಕಾಲು ಮಡಚಿ ಕುಳಿತಿದ್ದಾರೆ. ಎರಡೂ ಕಿವಿಗೆ ಹತ್ತಿ; ಒಳಗಿನ ಯಂತ್ರದ ಸದ್ದು ಅವರಿಗೆ ಆಗುವುದಿಲ್ಲ. ಮುಂದೆ ಹರಡಿದ ಗೂಡುಗಳಲ್ಲಿ ಕಲೆಯಾದದ್ದು, ತೂತು ಬಿದ್ದದ್ದು, ಎರಡು ಹುಳು ಸೇರಿ ಕಟ್ಟಿದ್ದು ಒಂದೊಂದಾಗಿ ಪಕ್ಕದ ಬುಟ್ಟಿಗೆ ಬೀಳುತ್ತವೆ. ಮೊದಲ ಒಂದು ಗಂಟೆ ಅವರು ಪತ್ರಿಕೆಗೆ ಬರೆಯಲು ಬಂದ ನನ್ನ ಕಡೆ ನೋಡುವುದೇ ಇಲ್ಲ. ಬಂದದ್ದೇ ತಪ್ಪಾಯಿತೇನೋ ಅನ್ನಿಸುತ್ತದೆ.

ಮೂವತ್ಮೂರು ವರ್ಷದ ಮಂಗಳ ದಿನಕ್ಕೆ ನಲವತ್ತು ಕಿಲೊ ಗೂಡು ಆರಿಸುತ್ತಾರೆ. ಬೇರೆಯವರು ಇಪ್ಪತ್ತೈದು ದಾಟುವುದಿಲ್ಲ. "ಎಲ್ಲಾರೂ ರಾಶಿ ನೋಡ್ತರ ಸಾ. ನಾನು ಒಂದೊಂದೇ ನೋಡ್ತಿನಿ. ರಾಶಿ ನೋಡಕೆ ನಂಗೆ ಬರದೇ ಇಲ್ಲ."

ಮುಖ ನೋಡಿ ಮಾತಾಡುವುದಿಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಹಿಡಿಯುತ್ತಾಳೆ ಎಂದು ಊರು ಅವರನ್ನು ಪೆದ್ದಿ ಎನ್ನುತ್ತ ಬಂದಿದೆ. ಇವು ಆಟಿಸಂ ಲಕ್ಷಣಗಳು ಎಂದು ವೈದ್ಯೆಯೊಬ್ಬರು ಹೇಳಿದ್ದು ನಾಲ್ಕು ವರ್ಷದ ಹಿಂದೆ. ಇಂಥವರಲ್ಲಿ ಕೆಲವರಿಗೆ ಆವೇಶಕ್ಕಿಂತ ಮೊದಲು ವಿವರ ಕಾಣುತ್ತದೆ, ಹಾಗಾಗಿ ಸುಳ್ಳು ಸುದ್ದಿ ಬೇಗ ಸಿಕ್ಕಿಬೀಳುತ್ತದೆ ಎನ್ನುತ್ತಾರೆ ಆ ವೈದ್ಯೆ. ಎಲ್ಲರಿಗೂ ಹೀಗೇ ಎಂದು ಮಾತ್ರ ಬರೆಯಬೇಡಿ ಎಂದೂ ಎಚ್ಚರಿಸುತ್ತಾರೆ.

ಕಳೆದ ಜನವರಿಯಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. 'ಹನೂರು ರಸ್ತೆ, ಇವತ್ತು ಬೆಳಿಗ್ಗೆ. ಕಂಬಳಿ ಮಾರುವ ವೇಷದ ಮಕ್ಕಳ ಕಳ್ಳರು' ಎಂಬ ತಲೆಬರಹ. ಅದು ನನ್ನ ಫೋನಿಗೂ ಬಂದಿತ್ತು, ನಾನೂ ನಂಬಿದ್ದೆ. ಮಂಗಳ ಹನ್ನೊಂದು ಸಲ ನೋಡಿ, ಬೆಳಿಗ್ಗೆ ಏಳೂಹತ್ತಕ್ಕೆ ಬರೆದರು: 'ಇದು ಸುಳ್ಳು. ಹಿಂದೆ ಗುಲ್‌ಮೊಹರ್ ಮರ ತುಂಬಾ ಹೂವಿದೆ. ಈಗ ಅವರೆಕಾಯಿ ಕಾಲ. ಆ ಹೂವು ಬಿಡುವುದು ಬೇಸಿಗೆಗೆ.'

ಗುಂಪಿನ ಅಡ್ಮಿನ್ ಉದಯಕುಮಾರ್ ನಗುವ ಮುಖಗಳ ಸಮೇತ ಉತ್ತರಿಸಿದ: 'ಲೇ ಮಂಗಳ, ನೀನು ಗೂಡು ಆಯ್ಕಂಡು ಬಿದ್ದಿರು.'

ಆ ಸಂಜೆಯೇ ಪಾಲಾರ್ ಕಡೆಯ ಕಂಬಳಿ ವ್ಯಾಪಾರಿ ಚಿಕ್ಕಮಾದಪ್ಪನನ್ನು ಊರವರು ಕಂಬಕ್ಕೆ ಕಟ್ಟಿ ಹೊಡೆದರು. ಆತನ ಎಡಗೈ ಇಂದಿಗೂ ಭುಜದಿಂದ ಮೇಲೇಳುವುದಿಲ್ಲ. ಮರುದಿನ ಉದಯಕುಮಾರ್ ವಿಡಿಯೊವನ್ನೂ ಮಂಗಳ ಬರೆದದ್ದನ್ನೂ ಅಳಿಸಿ, ಅವರನ್ನು ಗುಂಪಿನಿಂದ ತೆಗೆದ. ಈಗ ಆತ ಆರೋಪಿ. ಸುಳ್ಳೆಂದು ನಮಗೆ ಯಾರೂ ಹೇಳಲಿಲ್ಲ ಎಂಬುದು ಆತನ ಹೇಳಿಕೆ. ಆದರೆ ತಾವು ಬರೆದದ್ದಕ್ಕೆ ಬಂದ ಉತ್ತರಗಳನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡುವುದು ಮಂಗಳ ಅವರ ರೂಢಿ. ಅವರ ಎಚ್ಚರಿಕೆಯ ಕೆಳಗೇ ಬಂದ ಆ ಬೈಗುಳ ಅವರ ಫೋನಿನಲ್ಲಿ ಭದ್ರವಾಗಿದೆ. ಸೋಮವಾರ ಅವರು ಅದನ್ನು ನ್ಯಾಯಾಲಯದಲ್ಲಿ ತೋರಿಸಬೇಕು.

ಉದಯಕುಮಾರ್ ಈ ಘಟಕದ ಮಾಲೀಕ ಸದಾಶಿವಪ್ಪನವರ ತಂಗಿಯ ಮಗ. ನಾನಿರುವಾಗಲೇ ಸದಾಶಿವಪ್ಪ ಕಾಫಿ ಲೋಟ ಹಿಡಿದು ಹೊರಗೆ ಬರುತ್ತಾರೆ.

"ಏನವ್ವ, ಪೇಪರ್‌ನೋರ್ಗೂ ಕತೆ ಏಳ್ತಿದ್ದೀಯಾ? ಒಂದು ಬಟನ್ ಒತ್ತುದ್ರೆ ಮುಗೀತದೆ. ಅಳಿಸ್ಬುಡು."

"ಅದ್ರಲ್ಲಿ ಸುಳ್ಳು ಯಾವ್ದದೆ ಏಳಿ. ಅಷ್ಟ ಅಳಿಸ್ತಿನಿ."

"ಓ, ದೊಡ್ಡ ಲಾಯರಮ್ಮ! ಸೋಮವಾರ ಕೋರ್ಟ್‌ಗೆ ಓದ್ರೆ ಮಂಗಳವಾರ ಈ ಕಡೆ ತಲೆ ಹಾಕ್ಬೇಡ."

ಮಂಗಳ ತಲೆಯೆತ್ತುವುದಿಲ್ಲ. ಈ ಜಗಲಿ ಬಿಟ್ಟರೆ ಅವರಿಗೆ ಬೇರೆ ಕೆಲಸವಿಲ್ಲ. ಗದ್ದಲವಿರುವ ಕಡೆ ಅರ್ಧ ದಿನವೂ ನಿಲ್ಲಲಾರರು. ಮನೆಯಲ್ಲಿ ತಾಯಿ ಗೋವಿಂದಮ್ಮನಿಗೆ ಇದೇ ಸಂಕಟ. "ನೀನು ಏಳಿದ್ದು ಸರಿನೇ ಕಣವ್ವ ಅಂತ ನಾನೂ ಅಂದಿ. ಆ ಸರಿನ ಮುದ್ದೆ ಮಾಡಿ ಉಣ್ಣಕಾಯ್ತದಾ ಸಾ?" ಎಂದು ಕೇಳುತ್ತಾರೆ.

ಪೆದ್ದಿ ಎಂದ ಊರಿನ ಜನವೇ ಇಂದು ಕದ್ದುಮುಚ್ಚಿ ಮಂಗಳ ಅವರಿಗೆ ವಿಡಿಯೊ ಕಳಿಸಿ, ನಿಜವೇ ಎಂದು ವಿಚಾರಿಸುತ್ತಾರೆ. ಎದುರು ಸಿಕ್ಕರೆ ಮಾತಾಡುವುದಿಲ್ಲ. ಮಂಗಳ ಎಲ್ಲರಿಗೂ ಉತ್ತರ ಕಳಿಸುತ್ತಾರೆ.

ಹೆಸರು ಹಾಕಬಹುದೇ ಎಂದು ನಾನು ಮೂರನೆಯ ಸಲ ಕೇಳುತ್ತೇನೆ. "ಆಗ್ಲೇ ಎಲ್ಡು ಸಲ ಊಂ ಅಂದಿನಲ್ಲ" ಎನ್ನುತ್ತಾರೆ. ಸೋಮವಾರ ಹೋಗುವಿರಾ ಎಂದರೆ, "ಓಯ್ತಿನಿ. ಊರೆಲ್ಲ ನಂಬ್ತು ಅಂತ ಆ ಕಂಬಳಿ ವಯ್ಯ ಅಳ್ತನಂತೆ. ಒಬ್ಳು ನಂಬ್ನಿಲ್ಲ ಅಂತ ಅವನ್ಗೆ ಗೊತ್ತಾಗ್ಬೇಕು. ಅಷ್ಟೆ."

ಕೈ ಮತ್ತೆ ಗೂಡಿಗೆ ಹೋಗುತ್ತದೆ.

"ವಸಿ ಆಚೆಗೆ ಸರ್ಕಳಿ ಸಾ. ಬೆಳಕಿಗೆ ಅಡ್ಡ ನಿಂತಿದ್ದೀರ."