ಮೂರು ಹೊತ್ತಿನ ಮಾತ್ರೆ

ಗುರುಬಾಯಿ ಮುಂಬೈಯ ಮಲಾಡಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ ಐದು ಮನೆಗಳ ಕಸ-ಮುಸುರೆ ಮಾಡುತ್ತಾಳೆ. ಊರು ಅಫಜಲಪುರದ ಕಡೆ. ಗಂಡ ಶಿವಪುತ್ರನಿಗೆ ಪುಣೆಯ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ. ಮನೆಗೆ ಬರುವುದು ತಿಂಗಳಿಗೊಮ್ಮೆ. ಒಬ್ಬಳೇ ಮಗಳು ಅನುರಾಧಾಳ ಹೃದಯದಲ್ಲಿ ಹುಟ್ಟಿನಿಂದಲೇ ತೂತಿತ್ತು. ಬೆಳೆಯುತ್ತ ತಾನಾಗಿ ಮುಚ್ಚುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಏಳು ವರ್ಷ ಕಳೆದರು.

ಮುಂಬೈಗೆ ಬಂದ ಮೇಲೆ, ಚಾಳಿನ ಮೆಟ್ಟಿಲು ಹತ್ತುವಾಗ ಹುಡುಗಿಯ ತುಟಿ ನೀಲಿಗಟ್ಟಿದ್ದನ್ನು ಕಂಡು ಗುರುಬಾಯಿ ದೊಡ್ಡಾಸ್ಪತ್ರೆಗೆ ಹೋದಳು. ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಹಾಯಿಸಿ ನೋಡಿದರು. ತೂತಿನಿಂದ ರಕ್ತ ನುಗ್ಗಿ ನುಗ್ಗಿ ಶ್ವಾಸಕೋಶದ ನಾಳಗಳು ಗಡುಸಾಗಿವೆ, ಅಲ್ಲಿ ಒತ್ತಡ ಬಹಳ ಏರಿದೆ ಎಂದರು ಡಾಕ್ಟರು. ದಿನಕ್ಕೆ ಮೂರು ಹೊತ್ತು ಮಾತ್ರೆ, ಒಂದು ಹೊತ್ತೂ ತಪ್ಪಬಾರದು. ವರ್ಷದ ನಂತರ ಆಪರೇಷನ್ ವಿಚಾರ.

ಚೀಟಿ ನೋಡಿ ಮೆಡಿಕಲ್ ಅಂಗಡಿಯವನು ಪಕ್ಕದವನತ್ತ ತಿರುಗಿ ನಕ್ಕ. "ಆದ್ಮಿ ಕೆ ಲಿಯೆ?" ಗಂಡನಿಗೇನು ಎಂದು ಕೇಳಿದ. ಗಂಡಸರು ಹಾಸಿಗೆಯ ಕಾರಣಕ್ಕೂ ಕೊಳ್ಳುವ ಮಾತ್ರೆ ಅದು ಎಂದು ಆಮೇಲೆ ಆಸ್ಪತ್ರೆಯ ನರ್ಸು ಬಿಡಿಸಿ ಹೇಳಿದಳು. ಮುಂದಿನ ತಿಂಗಳಿಂದ ಗುರುಬಾಯಿ ಲೋಕಲ್ ಹಿಡಿದು ದಾದರಿಗೆ ಹೋಗಿ ತರತೊಡಗಿದಳು. ಅಲ್ಲಿ ಅವಳನ್ನು ಬಲ್ಲವರು ಇರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಕೆಲಸ ಬಿಟ್ಟು ಓಡಿಬಂದು, ಮಾತ್ರೆ ಅರೆದು ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಮತ್ತೆ ಓಡುವಳು. ಏನಾಗಿದೆ ಮಗಳಿಗೆ ಎಂದು ಯಾರಾದರೂ ಕೇಳಿದರೆ, "ದಮ್ಮು" ಎಂದು ಮುಗಿಸುವಳು.

ವರ್ಷದ ನಂತರ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಒತ್ತಡ ಇಳಿದಿಲ್ಲ. ಈಗ ತೂತು ಮುಚ್ಚಿದರೆ ಹೃದಯ ತಡೆಯದು. ಇನ್ನು ಮಾತ್ರೆಯಲ್ಲೇ ನಡೆಸಬೇಕು. ಮತ್ತೊಂದು ಮಾತು: ಮುಂದೆ ಈ ಹುಡುಗಿ ಬಸುರಾಗಬಾರದು, ಜೀವಕ್ಕೇ ಅಪಾಯ. ಎಂಟು ವರ್ಷದ ಅನುರಾಧಾ ಹೊರಗೆ ಬೆಂಚಿನ ಮೇಲೆ ಕಾಲು ತೂಗಾಡಿಸುತ್ತ ಕೂತಿದ್ದಳು.

ಐದು ತಿಂಗಳು ಗುರುಬಾಯಿ ಆ ಮಾತನ್ನು ಯಾರಿಗೂ ಹೇಳಲಿಲ್ಲ. ಕೊನೆಗೆ ಶಿವಪುತ್ರ ಪುಣೆಗೆ ಹೊರಟ ಒಂದು ದಿನ, ದಾದರ್ ಪ್ಲಾಟ್‌ಫಾರ್ಮಿನಲ್ಲಿ ಅವನೇ ಕೇಳಿದ.

"ಆಪರೇಷನ್ ತಾರೀಖು ಕೊಟ್ರೇನು?"

"ಮಾಡಂಗಿಲ್ಲಂತ. ತಡಾ ಆಗ್ಯದಂತ."

ಎಲ್ಲವನ್ನೂ ಹೇಳಿದಳು. ಅವನು ಚೀಲದ ಹಿಡಿಕೆಯನ್ನೇ ನೋಡುತ್ತ ನಿಂತ.

"ಊರಾಗ ಯಾರಿಗೂ ಹೇಳಬ್ಯಾಡ," ಎಂದ. ಗಾಡಿ ಬಂತು, ಹತ್ತಿದ. ಅವನು ಕಿಟಕಿಯ ಹತ್ತಿರ ಬಂದಾನೆಂದು ಗುರುಬಾಯಿ ಕಾದಳು. ಬರಲಿಲ್ಲ.

ಅನುರಾಧಾಗೆ ಈಗ ಹನ್ನೆರಡು. ಶಾಲೆಯವರು ಅವಳ ತರಗತಿಯನ್ನು ಕೆಳಮಹಡಿಗೆ ಇಳಿಸಿದ್ದಾರೆ. ಓಡುವುದಿಲ್ಲ, ಆದರೆ ಚೆನ್ನಾಗಿ ಓದುತ್ತಾಳೆ. ಮೊನ್ನೆ ಹೋಮ್‌ವರ್ಕ್ ಮಾಡುತ್ತ ಕೇಳಿದಳು: "ಮಮ್ಮಿ, ನಾ ಠೀಕ್ ಯಾವಾಗ ಆಗ್ತೀನಿ?"

"ಹಿಂಗೇ ಇರ್ತೀ, ಅವ್ವಿ. ಹಿಂಗಿದ್ದೇ ಛಲೋ ಇರಬೇಕು ನಾವು."

ಹುಡುಗಿ ಅಳಲಿಲ್ಲ. ಪೆನ್ಸಿಲ್ ಕೆತ್ತಿಕೊಂಡು ಮತ್ತೆ ಬರೆಯತೊಡಗಿದಳು. ಗುರುಬಾಯಿ ಅವಳಿಗೆ ಬೆನ್ನು ಮಾಡಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆಯಲು ಕೂತಳು.