ತುಂಡು ದಾರ
ವಿಶ್ವಮಟ್ಟದ ಪಂದ್ಯಗಳಿಗಿಳಿಯುವ ನಮ್ಮ ಹಾಯಿದೋಣಿ ತಂಡದಲ್ಲಿ ಹಾಯಿ ಹೊಲಿಯುತ್ತಿದ್ದ ನನ್ನ ಗೆಳೆಯನನ್ನು ಎಲ್ಲರೂ ದಬ್ಬಣ ಎನ್ನುತ್ತಿದ್ದರು. ಊಟಕ್ಕೆ ಕೂತಾಗಲೂ ಅವನ ಕಿವಿಯ ಮೇಲೊಂದು ಸೂಜಿ ಇರುತ್ತಿತ್ತು. ದೋಣಿಯ ಭಾರ ಇಳಿಸಲು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಕತ್ತರಿಸುವ ತಂಡವದು. ಇವನು ಗಂಟಿನಾಚೆಯ ದಾರವನ್ನೂ ಕತ್ತರಿಸಿ ಡಬ್ಬಿಗೆ ಹಾಕುತ್ತಿದ್ದ. ಹಾಯಿ ಹರಿದುಕೊಂಡು ಬಂದ ನಾಯಕನ ಮೇಲೆ, "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ, ನೀನು ಗಾಳಿ ಡೊಂಕು ಅಂತೀಯಲ್ಲೋ!" ಎಂದು ರೇಗುತ್ತಿದ್ದ. ದಬ್ಬಣ ಸತ್ತ ತಿಂಗಳಿಗೆ ಅವನು ಹೊಲಿದ ಹಾಯಿಯೇ ಕಪ್ ಗೆದ್ದಿತು. ವೇದಿಕೆಯಲ್ಲಿ ಪ್ರಾಯೋಜಕರ ನಾಯಿಗೂ ಧನ್ಯವಾದ ಹೇಳಿದರು, ಇವನ ಹೆಸರೆತ್ತಲಿಲ್ಲ. ಕೇಳಿದರೆ ಮ್ಯಾನೇಜರ್, "ದೋಣಿ ಮೇಲಿದ್ದೋರ ಹೆಸರು ಮಾತ್ರ ಓದೋದಪ್ಪ" ಎಂದ. ಪ್ರತಿ ಹಾಯಿಯ ಮೂಲೆಯ ಮಡಿಕೆಯೊಳಗೆ ಅವನು ಏನೋ ಹೊಲಿಯುತ್ತಿದ್ದುದು ನೆನಪಾಗಿ, ಗೆದ್ದ ಹಾಯಿಯ ಮಡಿಕೆ ಬಿಚ್ಚಿದೆ. ಆ ತುಂಡು ದಾರಗಳಲ್ಲೇ ಹನ್ನೊಂದು ಮಂದಿ ನಾವಿಕರ ಹೆಸರೂ ಇದ್ದವು, ಅವನದಿರಲಿಲ್ಲ. ಡಬ್ಬಿಯಲ್ಲಿ ಉಳಿದ ದಾರದಿಂದ ಅವನ ಹೆಸರನ್ನು ನಾನೇ ಹೊಲಿದೆ. ಭಾರವಾಯಿತು ಅನ್ನುವವರು ಈಗ ತೂಗಿ ನೋಡಲಿ.