ಬರಿ ಕಂಬ ಕಂಡರಾಗದ ಬಳ್ಳಿಯಕ್ಕ

"ಆಕೆಯ ಮುಂದೆ ಸುಮ್ಮನೆ ನಿಂತುಕೊಳ್ಳಬೇಡಿ, ಕಾಲಿಗೆ ಹೀರೆ ಬಳ್ಳಿ ಹಬ್ಬಿಸಿಬಿಟ್ಟಾಳು!" ಎನ್ನುತ್ತಿದ್ದರು ಓಣಿಯವರು. ಮಾತು ಪೂರ್ತಿ ಸುಳ್ಳೂ ಅಲ್ಲ. ಬಾಡಿಗೆ ಮನೆಯ ಬಾಗಿಲ ಕಂಬ, ಬಟ್ಟೆ ಒಣಗಿಸುವ ಹಗ್ಗ, ಮುರಿದ ಕೊಡೆ, ಯಾವುದೂ ಬರಿದಾಗಿರುವುದು ಬಳ್ಳಿಯಕ್ಕನಿಗೆ ಸೇರದು.

ಊರಾಚೆ ಅವಳದೊಂದು ತರಕಾರಿ ತೋಟ. ಹಳೆಯ ಪಂಪು ಡೀಸೆಲ್ ಕುಡಿದಷ್ಟು ನೀರು ಕಕ್ಕುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಅರ್ಧ ತೋಟ ಪಾಳು. ಅಲ್ಲೇ ಒಂದು ಕೋಣೆ ಕಟ್ಟಿಕೊಂಡು ಗಿಡಗಳ ಮಧ್ಯೆ ಬಾಳಬೇಕೆಂಬುದು ಅವಳ ಆಸೆ. ಗಂಡ ದರ್ಜಿ. ಸೂಜಿಗೆ ದಾರ ಪೋಣಿಸುತ್ತಲೇ ಅಂದಿದ್ದ: "ಒಂದು ಬೇಸಿಗೆ ಪೂರ್ತಿ ನಿನ್ನ ತೋಟ ಹಸಿರಾಗಿರಲಿ ನೋಡೋಣ. ಮಿಷನ್ನು ಹೊತ್ಕೊಂಡು ನಾನೇ ಮುಂದೆ ಹೊರಡ್ತೀನಿ."

ಹಟಕ್ಕೆ ಬಿದ್ದಳು. ಎತ್ತರದ ಕಂಬಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ ಪಂಪು ಹಾಕಿಸಿದಳು, ಸಾಲುಸಾಲಿಗೂ ಹನಿ ನೀರಿನ ಪೈಪು ಎಳೆಸಿದಳು. ಬಿಸಿಲೇರಿದಂತೆ ನೀರು ತಾನಾಗಿ ಬಂತು. ಬದನೆ, ಬೆಂಡೆ, ಟೊಮೆಟೊ ಮೈದುಂಬಿಕೊಂಡವು. ಆದರೆ ಬೇಸಿಗೆ ಕೆಂಡವಾಗುವ ಹೊತ್ತಿಗೆ ಸರಿಯಾಗಿ ಪಂಪು ಮುನಿಸಿಕೊಂಡಿತು. ಬೆಂಡೆ ಎಲೆಗಳು ಜೋತುಬಿದ್ದವು, ಬಳ್ಳಿಯಕ್ಕನ ಮುಖವೂ.

ಮೆಕ್ಯಾನಿಕ್ ಬಂದ. ಪಂಪು ನೋಡಿದ, ತಂತಿ ನೋಡಿದ, ಕೊನೆಗೆ ತಲೆಯೆತ್ತಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಕ್ಕಾ, ಪಂಪಿಗೆ ಜ್ವರವೂ ಇಲ್ಲ, ನೆಗಡಿಯೂ ಇಲ್ಲ. ಪ್ಯಾನೆಲ್‌ಗೆ ಹೀಗೆ ಕಂಬಳಿ ಹೊದಿಸಿದ್ರೆ ಅದಕ್ಕೆ ಬಿಸಿಲು ಕಾಣೋದು ಹೇಗೆ?"

ಕಂಬ ಹತ್ತಿದ ಹೀರೆ ಬಳ್ಳಿ ಪ್ಯಾನೆಲ್ ತುಂಬ ಹರಡಿ, ಹಳದಿ ಹೂ ಬಿಟ್ಟು, ರಾಣಿಯ ಹಾಗೆ ಕೂತಿತ್ತು.

"ಬರಿ ಕಂಬ ನೋಡೋಕಾಗ್ಲಿಲ್ಲ ತಮ್ಮಾ," ಎಂದಳು ಸಣ್ಣ ದನಿಯಲ್ಲಿ.

"ಕತ್ತರಿಸಿಬಿಡಿ."

"ಹೂ ಬಿಟ್ಟಿರೋದನ್ನ? ನನಗೆ ಕೈ ಬರಲ್ಲಪ್ಪ."

ಗಂಡನನ್ನು ಕರೆಸಿದಳು. ತಪ್ಪು ಹೊಲಿಗೆ ಬಿಚ್ಚಿ ಪಳಗಿದ ಕೈ ಅವನದು. ಏಣಿ ಹತ್ತಿ ಒಂದೊಂದೇ ಸುರುಳಿ ಬಿಡಿಸಿದ. ಅವಳು ಕೆಳಗೆ ನಿಂತು ಬಳ್ಳಿಯನ್ನು ಕೂಸಿನಂತೆ ತೋಳಿಗೆ ತೆಗೆದುಕೊಂಡು ಪಕ್ಕದ ಚಪ್ಪರಕ್ಕೆ ಹಬ್ಬಿಸಿದಳು. ಪ್ಯಾನೆಲ್ ಅಡಿಯ ನೆರಳು ಸುಮ್ಮನೆ ಹಾಳಾಗುತ್ತದಲ್ಲ ಎಂದು ಅಲ್ಲಿ ಕೊತ್ತಂಬರಿ ಬಿತ್ತಿದಳು. ಅಷ್ಟರಲ್ಲಿ ಪೈಪು ಕೆಮ್ಮಿತು, ಗುಳುಗುಳು ಅಂದಿತು, ನೀರು ಬಂದೇಬಂತು!

ಆ ಬೇಸಿಗೆ ಸಂತೆಯಲ್ಲಿ ಎಳೆ ತರಕಾರಿ ಎಂದರೆ ಅವಳದೇ. ಅಂಗಡಿಯವರು ಬೆಳಕು ಹರಿಯುವ ಮೊದಲೇ ಅವಳ ಬೇಲಿ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಲ್ಲುತ್ತಿದ್ದರು. ಬಂದ ಲಾಭದಲ್ಲೇ ಕೋಣೆ ಎದ್ದಿತು.

ಹೊರಡುವ ಬೆಳಿಗ್ಗೆ ದರ್ಜಿ ಮಾತು ತಪ್ಪಲಿಲ್ಲ. ಹೊಲಿಗೆ ಮಿಷನ್ನು ಗಾಡಿಗೇರಿಸಿ ತಾನೇ ಮುಂದೆ ನಡೆದ. ಬಳ್ಳಿಯಕ್ಕ ಖಾಲಿ ಮನೆಗೆ ಬೀಗ ಹಾಕಿ, ಕೀಲಿಕೈಯನ್ನು ಪಕ್ಕದ ಮನೆಯಾಕೆಯ ಕೈಗಿಟ್ಟಳು.

"ಅಕ್ಕಾ, ಈ ಬಾಗಿಲ ಕಂಬದ ಬಳ್ಳಿ?"

"ನೀನೇ ಇಟ್ಕೊ. ಕಾಯಿ ಬಿಟ್ರೆ ತಿನ್ನು. ಬಿಸಿಲಿಗೆ ಅಡ್ಡ ಬಂದ್ರೆ ಬಿಡಿಸು, ಕತ್ತರಿ ಮಾತ್ರ ತೋರಿಸಬೇಡ ಕಣೇ."

ಬಿಸಿಲು ಮಾಳಿಗೆಯಿಂದ ಓಣಿಗೆ ಇಳಿಯುತ್ತಿತ್ತು. ಪಂಪು ಇಷ್ಟೊತ್ತಿಗೆ ಎದ್ದಿರುತ್ತದೆ ಎಂದುಕೊಂಡು, ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟು ಬಿರಬಿರನೆ ಹೆಜ್ಜೆ ಹಾಕಿದಳು.